ಹಿಡಿದ ಕೈ

ಕಾಗೋಡು ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಭತ್ತ ಅಳೆಯುವ ಕೊಳಗ. ಒಡೆಯರ ಅಂಗಳದಲ್ಲಿ ಗೇಣಿ ಅಳೆಯಲು ಬರುತ್ತಿದ್ದ ಕೊಳಗ ದೊಡ್ಡದು. ಪ್ರತಿ ಅಳತೆಗೂ ಒಂದಿಷ್ಟು ಭತ್ತ ಹೆಚ್ಚಾಗಿಯೇ ಹೋಗುತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಅದನ್ನು ಪ್ರಶ್ನಿಸಿದರು. ಗದ್ದೆಗೆ ಇಳಿಯಕೂಡದು ಎಂದಾಗ ನೇಗಿಲು ಹಿಡಿದೇ ಇಳಿದರು, ಜೈಲಿಗೆ ಹೋದರು. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾರೂ ಬಂಧನಕ್ಕೊಳಗಾದರು. ಒಂದು ಪಾತ್ರೆ ಎಷ್ಟು ಕಾಳು ಹಿಡಿಯುತ್ತದೆ ಎಂಬ ಜಗಳ, ನೆಲ ಯಾರ ಹಿಡಿತದಲ್ಲಿರಬೇಕು ಎಂಬಲ್ಲಿಗೆ ಬಂದು ನಿಂತಿತ್ತು.

ಕಾನೂನು ಅಲ್ಲಿಗೆ ಬರಲು 1974 ಆಗಬೇಕಾಯಿತು. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ಆ ವರ್ಷದ ಮಾರ್ಚ್ 1ರಂದು ಜಾರಿಯಾಗಿ, ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಸಾಗುವಳಿ ಮಾಡುತ್ತಿದ್ದವರು ಫಾರಂ ನಂಬರ್ 7ರಲ್ಲಿ ಡಿಕ್ಲರೇಷನ್ ಹಾಕಬೇಕಿತ್ತು, ಭೂ ನ್ಯಾಯಮಂಡಳಿ ವಿಚಾರಿಸಬೇಕಿತ್ತು. ಬಾಯಿಮಾತಿನ ಗೇಣಿಗೆ ಚೀಟಿ ಎಲ್ಲಿಂದ ತರುವುದು? ಆಗ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವೂ ಇರಲಿಲ್ಲ. ಪಕ್ಕದ ಗದ್ದೆಯವರು ಬಂದು "ಇವರೇ ಉಳ್ತಿದ್ದದ್ದು" ಎಂದರೆ ಆ ಮಾತಿಗೆ ಬೆಲೆಯಿತ್ತು. ಕಾಗದವನ್ನಷ್ಟೇ ನಂಬುವ ಸರ್ಕಾರಿ ಕಚೇರಿ ಒಮ್ಮೆಯಾದರೂ ದುಡಿಯುವ ಕೈಯ ಕಡೆ ತಿರುಗಿ ನೋಡಿತಲ್ಲ ಎಂದು ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ.

ಆದರೆ ಯಾವ ಕೈಯ ಕಡೆ?

ನೇಗಿಲು ಹಿಡಿಯುತ್ತಿದ್ದವರು ಗಂಡಸರು. ಸಸಿ ಕಿತ್ತು, ಕಟ್ಟು ಕಟ್ಟಿ, ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ನೆಟ್ಟು, ಕಳೆ ತೆಗೆದು, ಕುಡುಗೋಲು ಹಿಡಿದವರು ಹೆಂಗಸರು. ಉಳುಮೆ ಕೆಲವು ದಿನದ್ದು; ಉಳಿದದ್ದು ಮಳೆಗಾಲ ಪೂರ್ತಿ. ಆದರೂ ಡಿಕ್ಲರೇಷನ್ನುಗಳು ಹೋದದ್ದು ಹೆಚ್ಚಾಗಿ ಮನೆಯ ಯಜಮಾನನ ಹೆಸರಲ್ಲಿ. ನಮ್ಮ ಮನೆಯಿಂದಲೂ ಹಾಗೇ ಹೋಯಿತು. ಪಹಣಿಯಲ್ಲಿ ಒಡೆತನದ ಒಂಬತ್ತನೇ ಕಾಲಂನಲ್ಲಿ ಅಜ್ಜ, ಸಾಗುವಳಿಯ ಹನ್ನೆರಡರಲ್ಲೂ ಅಜ್ಜ. ಆಮೇಲೆ ಎರಡರಲ್ಲೂ ಅಪ್ಪ. ಅಜ್ಜಿಯ ಬೆರಳ ಸಂದಿಗಳು ಕೆಸರುಹುಣ್ಣಾಗಿ ಒಡೆದಿರುತ್ತಿದ್ದವು, ರಾತ್ರಿ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದಳು. ಸ್ವಾಧೀನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಕಂಡಿಲ್ಲ. ಯಾವ ಕಾಲಂನಲ್ಲೂ ಅವಳಿಲ್ಲ.

ಅರಸರ ಕಾನೂನು ದೊಡ್ಡದು, ಅದನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಅದು ಅರ್ಧ ದಾರಿ ನಡೆದಿದೆ, ಉಳಿದರ್ಧ ನಮ್ಮ ನಮ್ಮ ಮನೆಗಳಲ್ಲಿದೆ. ಅಪ್ಪ ಹೋದ ಮೇಲೆ ಪೌತಿ ಖಾತೆ ಇನ್ನೂ ಆಗಿಲ್ಲ. ಅಣ್ಣನ ಹತ್ತಿರ ಮಾತಾಡಿದ್ದೇನೆ. ಜಂಟಿ ಖಾತೆ ಮಾಡಿಸೋಣ, ಅಮ್ಮನ ಹೆಸರು ಮೊದಲು ಬರಲಿ ಎಂದೆ. ಒಪ್ಪಿದ್ದಾನೆ.