ಅಂಚಿನ ಕೆಲಸ

30 ಡಿಸೆಂಬರ್ 2024, ಸೋಮವಾರ. ಚಿಂಚೋಳಿ

ಎಳ್ಳಮಾಸಿ. ಬೀಗರ ಹೊಲದಲ್ಲಿ ಚರಗ ಚೆಲ್ಲಿ, ಜೋಳದ ನಡುವೆ ಕೂತು ಸಜ್ಜಿ ರೊಟ್ಟಿ, ಭಜ್ಜಿ ಉಂಡದ್ದಾಯಿತು. ಉಳಿದವರು ಬೇವಿನ ನೆರಳಿಗೆ ಅಡ್ಡಾದರು. ನಾನು ಬದುವಿನಗುಂಟ ಹರಳು ಆರಿಸುತ್ತ ಹೊರಟೆ.

ನಮ್ಮ ವಾಡಿ, ಶಹಾಬಾದ ಕಡೆ ಎಲ್ಲಿ ಅಗೆದರೂ ಹಾಸು ಸುಣ್ಣಕಲ್ಲು. ಚಿಂಚೋಳಿಗೆ ಬಂದರೆ ನೆಲವೇ ಬೇರೆ: ಮೇಲೆ ಕೆಂಪು ಜಂಬಿಟ್ಟಿಗೆ, ಅದರಡಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಗುಳ್ಳೆಗಳು ಪೊಳ್ಳಾಗಿ ಉಳಿದವು. ಆ ಪೊಳ್ಳಿಗೆ ಸಿಲಿಕಾ ಕರಗಿದ ನೀರು ಇಳಿದು, ಪದರು ಪದರಾಗಿ ಗಟ್ಟಿಯಾದದ್ದೇ ಅಗೇಟ್. ದರ್ಗಾಗಳ ಮುಂದೆ ಉಂಗುರ ಮಾರುವವರು ಅಕೀಕ್ ಅನ್ನುತ್ತಾರೆ. ಕರಿಕಲ್ಲು ಸವೆದು ಎರಿ ಮಣ್ಣಾದರೂ ಇದು ಸವೆಯದೆ ಉಳುವ ಹೊಲದಲ್ಲಿ ಉಳಿದುಬಿಡುತ್ತದೆ. ಜೇನುಬಣ್ಣದ್ದೊಂದು ಸಿಕ್ಕಿತು. ಉಗುಳು ಹಚ್ಚಿ ಬಿಸಿಲಿಗೆ ಹಿಡಿದರೆ ಒಳಗೆ ಬಿಳಿ ಗೆರೆ.

ಮನೆಯವಳು ನೋಡಿ ಅಂದಳು: "ಎಲ್ಲಾರೂ ಹೊಲದಿಂದ ಕಡ್ಲಿ ಸೊಪ್ಪು ಒಯ್ದ್ರ, ನೀವು ಕಲ್ಲ ಒಯ್ಲತ್ತೀರಿ."

5 ಜನವರಿ 2025, ರವಿವಾರ. ಶಹಾಬಾದ

ಸವೆದ ಪಾಲಿಶ್ ಬತ್ತಿ ಬೇಕಾಗಿದ್ದವು, ಪರಿಚಯದ ಫರಸಿ ಶೆಡ್ಡಿಗೆ ಹೋಗಿದ್ದೆ. ಅಂಗಳದ ತುಂಬ ಕೆನೆಬಣ್ಣದ ಕೆಸರು, ಕಿವಿಯ ತುಂಬ ಬ್ಲೇಡಿನ ಕಿರುಚು. ಫರಸಿಗಳನ್ನು ಯಾರೂ ಮಲಗಿಸಿಡುವುದಿಲ್ಲ, ಅಂಚಿನ ಮೇಲೆ ನಿಲ್ಲಿಸಿ ಗೋಡೆಗೆ ಆನಿಸುತ್ತಾರೆ. ಲಾರಿಯಲ್ಲೂ ನಿಂತೇ ಪ್ರಯಾಣ.

ಹಿರಿಯ ಮೇಸ್ತ್ರಿಯೊಬ್ಬರು ಕಟಿಂಗ್‌ನಿಂದ ಬಂದ ಮೆಟ್ಟಿಲುಕಲ್ಲಿಗೆ ಬತ್ತಿ ಎಳೆಯುತ್ತಿದ್ದರು. ಮೇಲ್ಮೈಗೆ ಇನ್ನೂ ಪಾಲಿಶ್ ಬಿದ್ದಿರಲಿಲ್ಲ, ಮೊದಲು ಅಂಚಿಗೇ ಯಾಕೆಂದು ಕೇಳಿದೆ. "ಹೊಸಾ ಅಂಚು ಭಾಳ ನಾಜೂಕ ಇರ್ತದ್ರಿ ಸರ. ನಾವು ಧಾರಿ ಮುರೀಲಿಲ್ಲಂದ್ರ ಅದು ತಾನೇ ಮುರೀತದ, ಎಲ್ಲಿ ಬೇಕಲ್ಲಿ."

ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನಗೆ ಇದು ಹೊಸದಲ್ಲ. ಶಾಫ್ಟಿನ ತುದಿಗೆ ಚಾಂಫರ್ ಹೊಡೆಯದೆ, ಅಂದರೆ ಧಾರೆಯನ್ನು ಓರೆಯಾಗಿ ಮುರಿಯದೆ, ಬೇರಿಂಗ್ ಏರಿಸಲು ಹೋದರೆ ಎರಡೂ ಗಾಯಗೊಳ್ಳುತ್ತವೆ. ಆದರೆ ಕಬ್ಬಿಣದ ಧಾರೆ ಬಾಗುತ್ತದೆ, ಕಲ್ಲಿನದು ಸಿಡಿಯುತ್ತದೆ. ಕಾರಣವೂ ಸರಳ: ಕಲ್ಲಿನ ನಡುಭಾಗಕ್ಕೆ ಸುತ್ತಲಿಂದ ಆಸರೆ ಇರುತ್ತದೆ, ಮೂಲೆಗೆ ಆ ಭಾಗ್ಯವಿಲ್ಲ.

11 ಜನವರಿ, ಶನಿವಾರ. ವಾಡಿ

ಜೇನುಬಣ್ಣದ ಕಲ್ಲನ್ನು ಐದು ಮಿಲಿಮೀಟರ್ ದಪ್ಪದ ಬಿಲ್ಲೆಯಾಗಿ ಕೊಯ್ದೆ. ಬಿಳಿ ಗೆರೆ ಅಡ್ಡ ಬರುವಂತೆ ಜಾಗ ನೋಡಿ 18×25 ಮಿಲಿಮೀಟರಿನ ಮೊಟ್ಟೆಯಾಕಾರ ಗೀರಿದೆ. ಪೆನ್ನಿನ ಗೆರೆ ನೀರಿಗೆ ನಿಲ್ಲದು. ಚೂಪು ಮಾಡಿದ ಅಲ್ಯುಮಿನಿಯಂ ತಂತಿಯ ಗೆರೆ ಕೊನೆಯವರೆಗೂ ಇರುತ್ತದೆ. ಗೆರೆಯ ತನಕ 80ರ ಗ್ರಿಟ್ ಚಕ್ರದಲ್ಲಿ ತಿಕ್ಕಿದ ಮೇಲೆ, ಬೇರೇನೂ ಮಾಡುವ ಮುಂಚೆ, ತಳದ ಅಂಚಿಗೆ ಸುತ್ತಲೂ ಅರ್ಧ ಮಿಲಿಮೀಟರ್ ಚಾಂಫರ್. ಕಣ್ಣಿಗೆ ಬೀಳದಷ್ಟು ಸಣ್ಣದು. ಅದಿಲ್ಲದಿದ್ದರೆ ಮುಂದಿನ ಕೆಲಸದ ನಡುವೆ ತಳದಿಂದ ಶಂಖದ ಒಳಮೈಯಂಥ ಚಿಪ್ಪು ಎದ್ದು, ಹರಳನ್ನು ಒಂದು ಅಳತೆ ಚಿಕ್ಕದು ಮಾಡಬೇಕಾಗುತ್ತದೆ.

ಆಮೇಲೆ ಸೇಡಂನ ಪರಿಚಯದ ಪತ್ತಾರರು ಕೊಟ್ಟ ಅರಗು ಕಾಯಿಸಿ ಹರಳನ್ನು ಕಟ್ಟಿಗೆ ಕಡ್ಡಿಗೆ ಅಂಟಿಸಿದೆ. ಕಲ್ಲೂ ಬೆಚ್ಚಗಿರಬೇಕು, ತಣ್ಣಗಿನ ಕಲ್ಲನ್ನು ಅರಗು ಹಿಡಿಯದು.

ಚಕ್ರದ ಮೇಲೆ ಮೊಳೆಗೆ ನೇತುಹಾಕಿದ ಸಲಾಯಿನ್ ಬಾಟಲಿಯಿಂದ ಹನಿ ಹನಿ ನೀರು. ಇದರಲ್ಲಿ ರಿಯಾಯಿತಿ ಇಲ್ಲ. ಅಗೇಟ್ ಎಂದರೆ ಸಿಲಿಕಾ; ಅದರ ಒಣ ಧೂಳು ಪುಪ್ಪುಸದಲ್ಲಿ ಕೂತರೆ ಏಳುವುದಿಲ್ಲ. ಗುಜರಾತಿನ ಖಂಬಾತದಲ್ಲಿ ತಲೆಮಾರುಗಳಿಂದ ಅಗೇಟ್ ತಿಕ್ಕಿದ ಎಷ್ಟೋ ಮನೆಗಳು ಸಿಲಿಕೋಸಿಸ್‌ಗೆ ದುಡಿಯುವವರನ್ನು ಕಳೆದುಕೊಂಡಿವೆ. ನನ್ನದು ನಿವೃತ್ತಿಯ ಖಯಾಲಿ, ಅವರದು ಹೊಟ್ಟೆಪಾಡು. ಧೂಳಿಗೆ ಆ ಭೇದವಿಲ್ಲ.

19 ಜನವರಿ, ರವಿವಾರ. ಸನ್ನತಿ

ಚಂದ್ರಲಾಂಬೆಯ ದರ್ಶನ ಮುಗಿಸಿ ಕನಗನಹಳ್ಳಿಯ ಸ್ತೂಪದ ಕಡೆ ಹೋದೆವು. ಚಿತ್ತಾಪುರ ತಾಲೂಕಿನ ಈ ಭೀಮೆಯ ದಂಡೆಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕೆತ್ತಿದವರಿಗೂ ನಮ್ಮದೇ ಸುಣ್ಣಕಲ್ಲು. "ರಾಯೋ ಅಸೋಕೋ" ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದ್ದು ಇಲ್ಲೇ. ಎಲ್ಲರೂ ಮುಖಗಳನ್ನು ನೋಡುತ್ತಿದ್ದರೆ ನನ್ನ ಕಣ್ಣು ಚಪ್ಪಡಿಗಳ ಅಂಚಿನ ಮೇಲೆ. ಚಿತ್ರದ ಸುತ್ತ ಬರಿ ಕಲ್ಲಿನ ಪಟ್ಟಿ ಬಿಟ್ಟಿದ್ದಾರೆ. ಶೋಭೆಗಿರಬಹುದು, ಆದರೆ ಒಳಗಿನ ಉಬ್ಬು ಕೆಲಸಕ್ಕೆ ಬೀಳುವ ಪೆಟ್ಟನ್ನು ಮೊದಲು ತಿನ್ನುವುದು ಆ ಪಟ್ಟಿಯೇ.

1986ರಲ್ಲಿ ಸನ್ನತಿಯಲ್ಲೇ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಾಣಿಸಿತು. ಎರಡೂ ಮಗ್ಗುಲಲ್ಲಿ ಬರಹ, ನಡುವೆ ಮೂರ್ತಿ ಕೂರಿಸಲು ಕೊರೆದ ಕಿಂಡಿ. ಕೊರೆದವನಿಗೆ ಬೇಕಾದದ್ದು ಅಲುಗಾಡದ ಕೂಡಿಕೆ. ಅಕ್ಷರಗಳು ಹೋದವು, ಮೂರ್ತಿ ಭದ್ರವಾಗಿ ಕೂತಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳತೆ ಹಿಡಿದು ಕಲ್ಲು ಕೊರೆಯುವವನ ಕಷ್ಟ ಗೊತ್ತಿದ್ದರಿಂದಲೋ ಏನೋ.

ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ಅಗೆದು ತೋರಿಸಿದ ಸುಣ್ಣಕಲ್ಲಿನ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಎನ್ನುತ್ತಾರೆ. ಆ ಕೊಡಲಿ ಮಾಡಿದವರೂ ಕೂತು ಮಾಡಿದ್ದು ಅಂಚಿನ ಕೆಲಸವೇ. ಅವರಿಗೆ ಧಾರೆ ಬೇಕಿತ್ತು, ಚಿಪ್ಪು ಎಬ್ಬಿಸುತ್ತಿದ್ದರು. ನಾನು ಚಿಪ್ಪು ಏಳದಂತೆ ಧಾರೆ ಕೊಲ್ಲುತ್ತಿದ್ದೇನೆ. ಕಲ್ಲು ಸಿಡಿಯುವ ಗುಣ ಮಾತ್ರ ಅದೇ. ಅವರು ಅದನ್ನು ದುಡಿಸಿಕೊಂಡರು, ನಾನು ಅದರ ಕಣ್ಣು ತಪ್ಪಿಸುತ್ತೇನೆ.

26 ಜನವರಿ, ರವಿವಾರ. ವಾಡಿ

ಝಂಡಾ ಮುಗಿಸಿ ಬಂದು ಸಂಜೆವರೆಗೂ ಚಕ್ರದ ಮುಂದೆ. ಹರಳಿನ ಮೇಲಿನ ಗುಮ್ಮಟವನ್ನು ಒಮ್ಮೆಗೇ ಗುಂಡಾಗಿಸಲು ಹೋಗಬಾರದು. ಮೊದಲು ತಳದಿಂದ ಒಂದೂವರೆ ಮಿಲಿಮೀಟರ್ ಎತ್ತರಕ್ಕೆ ಸುತ್ತಲೂ ಗೆರೆ. ಅದರ ಕೆಳಗಿನದು ಹರಳಿನ ಗೋಡೆ. ಗೆರೆಯ ಮೇಲೆ 45 ಡಿಗ್ರಿಯ ಇಳಿಜಾರು, ಅದರ ಮೇಲಂಚಿಗೆ ಇನ್ನೂ ಓರೆ ಕಡಿಮೆ ಇರುವ ಎರಡನೆಯದು, ಆಮೇಲೆ ಮೂರನೆಯದು. ಈ ಹಂತದಲ್ಲಿ ಹರಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೆಟ್ಟಿಲ ಮೂಲೆಗಳನ್ನು ಮುರಿಯುತ್ತ ಹೋದರೆ ಗುಂಡು ತಾನಾಗಿ ಬರುತ್ತದೆ. ಚಕ್ರದ ಓಟ ಅಂಚಿನಿಂದ ಕಲ್ಲಿನ ಒಳಕ್ಕೆ ಹೋಗುವಂತೆ ಹಿಡಿಯಬೇಕು. ಒಳಗಿನಿಂದ ಅಂಚಿನ ಹೊರಕ್ಕೆ ಓಡಿದರೆ ಹೋಗುವಾಗ ಚೂರನ್ನು ಕಿತ್ತುಕೊಂಡೇ ಹೋಗುತ್ತದೆ.

ಗೋಡೆ ಲಂಬವಾಗಿ ನಿಲ್ಲಬಾರದು, ಮೇಲೆ ಹೋದಂತೆ ತುಸು ಒಳಕ್ಕೆ ವಾಲಬೇಕು. ಹರಳನ್ನು ಸುತ್ತುವ ಬೆಳ್ಳಿಯ ಪಟ್ಟಿಗೆ ಹಿಡಿಯಲು ಸಿಗುವುದು ಆ ವಾಲು ಮಾತ್ರ.

ಆಮೇಲೆ ಒಂದೊಂದಾಗಿ ನಯ ಗ್ರಿಟ್‌ಗಳು: 220, 400, 600, 1200. ಒದ್ದೆಯಾಗಿದ್ದಾಗ ಯಾವ ಹರಳೂ ಚೆಂದವೇ. ಒರೆಸಿ ಒಣಗಿಸಿ ಟ್ಯೂಬ್‌ಲೈಟಿನ ಕೆಳಗೆ ಮೆಲ್ಲಗೆ ತಿರುಗಿಸಿದರೆ ನಿಜ ಗೊತ್ತಾಗುತ್ತದೆ: ಬೆಳಕಿನ ಗೆರೆ ಎಲ್ಲಿ ಮುರಿಯುತ್ತದೋ ಅಲ್ಲೊಂದು ಚಪ್ಪಟೆ ಜಾಗ. ಹೆಚ್ಚಾಗಿ ಅದು ನೆತ್ತಿಯಲ್ಲಿರುವುದಿಲ್ಲ, ಗೋಡೆ ಮುಗಿದು ಗುಮ್ಮಟ ಶುರುವಾಗುವಲ್ಲೇ ಅಡಗಿರುತ್ತದೆ. ಗೀರುಗಳೂ ಅಲ್ಲೇ. ಕೊನೆಗೆ ಚರ್ಮದ ಮೇಲೆ ಸೀರಿಯಂ ಆಕ್ಸೈಡ್.

2 ಫೆಬ್ರುವರಿ, ರವಿವಾರ. ಸೇಡಂ

ಹರಳನ್ನು ಪತ್ತಾರರ ಕೈಗೆ ಕೊಟ್ಟೆ. ಹೊಳಪನ್ನು ನೋಡಲಿಲ್ಲ, ತಿರುವಿ ಹಾಕಿ ತಳ ನೋಡಿದರು, ಹೆಬ್ಬೆರಳಿನ ಉಗುರನ್ನು ಸುತ್ತಲೂ ಎಳೆದರು. "ಕೆಳಗಿನ ಧಾರಿ ಮುರ್ದೀರಿ, ಚಲೋ ಆತು."

ಪದಕಕ್ಕೆಂದು ಬೆಳ್ಳಿ ತಗಡಿನ ಮೇಲೆ ಪಟ್ಟಿ ನಿಲ್ಲಿಸಿ ಬೆಸೆದಿದ್ದರು. ಬೆಸುಗೆ ಹರಿದ ಒಳಮೂಲೆಯಲ್ಲಿ ಕೂದಲೆಳೆಯಷ್ಟು ಉಬ್ಬು ಉಳಿಯುತ್ತದೆ. ತಳದ ಧಾರೆ ಹಾಗೇ ಇದ್ದಿದ್ದರೆ ಹರಳು ಅದರ ಮೇಲೆ ಕೂತು ತೂಗಾಡುತ್ತಿತ್ತು, ಒತ್ತಿದರೆ ಬಿರುಕು. ಚಾಂಫರ್ ಇದ್ದುದರಿಂದ ಸದ್ದಿಲ್ಲದೆ ಇಳಿಯಿತು. ಉಕ್ಕಿನ ಕಡ್ಡಿಯಿಂದ ಮೊದಲು ಎದುರುಬದುರು ನಾಲ್ಕು ಕಡೆ ಒತ್ತಿದರು, ಆಮೇಲೆ ಅವುಗಳ ನಡುವೆ. ಒಂದೇ ದಿಕ್ಕಿನಿಂದ ಒತ್ತುತ್ತ ಹೋದರೆ ಬೆಳ್ಳಿ ಕೊನೆಗೆ ಮಡಿಕೆ ಬಿದ್ದು ನಿಲ್ಲುತ್ತದೆ.

ಇಂಥವನ್ನು ಇನ್ನಷ್ಟು ಮಾಡಿಕೊಡಿ, ರೊಕ್ಕ ಕೊಡುತ್ತೇನೆ ಎಂದರು. ಒಪ್ಪಲಿಲ್ಲ. ರೊಕ್ಕಕ್ಕೆ ಅಂತ ಕೂತರೆ ಮೊದಲು ಅವಸರವಾಗುವುದು ತಳದ ಅಂಚಿನ ಕೆಲಸವೇ, ಕೊಂಡವರು ಅದನ್ನು ನೋಡುವುದಿಲ್ಲವಲ್ಲ.

9 ಫೆಬ್ರುವರಿ, ರವಿವಾರ. ವಾಡಿ

ಮುಂದಿನದು ನಮ್ಮ ಫರಸಿಯದ್ದೇ ಹರಳು. ಲೆಕ್ಕ ಹಾಕಿಟ್ಟಿದ್ದೇನೆ. ಮೋಸ್ ಅಳತೆಯಲ್ಲಿ ಅಗೇಟಿನ ಗಟ್ಟಿತನ ಸುಮಾರು 7, ಸುಣ್ಣಕಲ್ಲಿನದು 3ರ ಆಸುಪಾಸು. ಹಾಗಾಗಿ ಚಕ್ರ ಬೇಡ. ವಾಟರ್ ಪೇಪರಿನ ಮೇಲೆ ಕೈಯಿಂದಲೇ. ಗೋಡೆ ಎರಡು ಮಿಲಿಮೀಟರ್‌ಗೆ ಕಡಿಮೆ ಬೇಡ, ಚಾಂಫರ್ ಕೂಡ ದೊಡ್ಡದು. ಪದರುಗಲ್ಲಾದ್ದರಿಂದ ಬಿಲ್ಲೆಯಲ್ಲಿ ಪದರು ಅಡ್ಡಡ್ಡ ಮಲಗಿರಬೇಕು. ಓರೆಯಾಗಿದ್ದರೆ ಅಂಚಿನಲ್ಲೇ ಸೀಳುತ್ತದೆ. ಕೊನೆಯ ಹೊಳಪಿಗೆ ನೆಲದ ಪಾಲಿಶಿನವರು ಬಳಸುವ ಆಕ್ಸಾಲಿಕ್ ಆ್ಯಸಿಡ್ ಪುಡಿ, ಕೈಚೀಲ ಹಾಕಿಕೊಂಡು. ಉಂಗುರಕ್ಕೆ ಆಗದು, ರಸ್ತೆಯ ಧೂಳಿನ ಮರಳೇ ಗೀರುತ್ತದೆ. ಪದಕಕ್ಕೆ ಆದೀತು.

ಮಳಖೇಡದ ಕೋಟೆಗೆ ಈ ಕಲ್ಲು ಬಂತು, ಊರೂರಿನ ಪಡಸಾಲೆಗೆ ಹೋಯಿತು. ಕೊರಳಿಗೆ ಹಾಕಿಕೊಂಡವರನ್ನು ನಾನು ಕಂಡಿಲ್ಲ. ಮೊದಲನೆಯದು ನಿನಗೇ ಎಂದು ರಾತ್ರಿ ಊಟಕ್ಕೆ ಕೂತಾಗ ಮನೆಯವಳಿಗೆ ಹೇಳಿದೆ. "ದಿನಾ ನೆಲ ಒರಸ್ತೀನಲ್ಲ, ಸಾಕಾಗ್ಯದ. ಬಂಗಾರದ್ದಿದ್ರ ಹೇಳ್ರಿ" ಅಂದಳು. ಬಂಗಾರದ ಪಟ್ಟಿ ಕಟ್ಟಿಸಿದರೆ ಒಪ್ಪಬಹುದೇನೋ, ಪತ್ತಾರರನ್ನು ಕೇಳಬೇಕು.