ನೀರೊಳಗೆ ಸುಮ್ಮನಿರುವ ಭತ್ತ

2019ರ ಆಗಸ್ಟ್. ವರದಾ ಹೊಳೆ ಉಕ್ಕಿ ನಮ್ಮ ಗದ್ದೆ ಪೂರ್ತಿ ಮುಳುಗಿತ್ತು. ನಾಟಿ ಮಾಡಿ ತಿಂಗಳೂ ಆಗಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಹೋಗಿ ದಂಡೆಯ ಬೇಲಿಗೂಟಕ್ಕೆ ಕತ್ತಿಯಿಂದ ಒಂದು ಗೀರು ಹಾಕಿ ಬರುತ್ತಿದ್ದರು. ಒಂಬತ್ತು ಗೀರು ಆದ ಮೇಲೆ ನೀರು ಇಳಿಯಿತು. ಸಸಿಗಳು ಉದ್ದುದ್ದ ಬೆಳೆದಿದ್ದವು, ಆದರೆ ನಿಲ್ಲುವ ತ್ರಾಣವಿಲ್ಲದೆ ಕೆಸರಿಗೆ ಅಂಟಿ ಮಲಗಿದ್ದವು. ಎರಡೇ ದಿನಕ್ಕೆ ಕೊಳೆತ ವಾಸನೆ.

"ಪುಟ್ಟೀ, ನೀನು ಓದಿದವಳಲ್ಲ, ನೀರಲ್ಲಿ ಬದುಕೋ ಬೀಜ ಎಲ್ಲಾದ್ರೂ ಐತಾ?" ಅಂದರು ಅಪ್ಪ. ನನಗೆ ಗೊತ್ತಿರಲಿಲ್ಲ. ಪರಿಹಾರದ ಅರ್ಜಿ ಬರೆದುಕೊಟ್ಟೆ, ಅಷ್ಟೆ.

ಬೀಜ ಇತ್ತು. ಅದೂ ನಮ್ಮ ದೇಶದ್ದೇ. ಒಡಿಶಾದ ರೈತರ ಹಳೆಯ ತಳಿಯಿಂದ ಆರಿಸಿದ ಎಫ್‌ಆರ್ 13ಎ ಅನ್ನುವ ಭತ್ತ. ಇಳುವರಿ ಕಡಿಮೆ, ಆದರೆ ಎರಡು ವಾರ ಮುಳುಗಿದರೂ ಸಾಯದು. ಅದರೊಳಗಿನ ಸಬ್1ಎ ಎಂಬ ಜೀನನ್ನು ಕೆನಾಂಗ್ ಷು, ಪಮೇಲಾ ರೊನಾಲ್ಡ್, ಡೇವಿಡ್ ಮ್ಯಾಕಿಲ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ವಿಜ್ಞಾನಿ ಜೂಲಿಯಾ ಬೈಲಿ-ಸೆರೆಸ್.

ಅವರ ಕೆಲಸ ಓದಿದಾಗ ನನಗೆ ನಮ್ಮ ಗದ್ದೆಯೇ ಕಣ್ಣಿಗೆ ಬಂತು. ಗಿಡ ಮುಳುಗಿದಾಗ ಅದರೊಳಗಿನ ಎಥಿಲೀನ್ ಅನಿಲ ಹೊರಗೆ ಹೋಗಲಾಗದೆ ತುಂಬಿಕೊಳ್ಳುತ್ತದೆ. ಸಾಮಾನ್ಯ ಭತ್ತ ಅದರ ಒತ್ತಾಯಕ್ಕೆ ತಲೆ ಮೇಲೆತ್ತಲು ಬೆಳೆಯುತ್ತಲೇ ಹೋಗುತ್ತದೆ. ಕೂಡಿಟ್ಟ ಸಕ್ಕರೆ ಪಿಷ್ಟವೆಲ್ಲ ಖರ್ಚು. ನೀರು ಇಳಿಯುವಾಗ ಕೈ ಖಾಲಿ. ಸಬ್1ಎ ಇರುವ ಗಿಡ ಬೆಳವಣಿಗೆಗೆ ತಡೆ ಹಾಕಿ ಸುಮ್ಮನಿರುತ್ತದೆ, ನೀರು ಇಳಿದ ಮೇಲೆ ಉಳಿಸಿದ್ದರಲ್ಲಿ ಮತ್ತೆ ಚಿಗುರುತ್ತದೆ.

ಉದ್ದ ಬೆಳೆಯುವುದೇ ತಪ್ಪು ಅಂತಲ್ಲ. ಬಾಂಗ್ಲಾದೇಶದಲ್ಲಿ ತಿಂಗಳುಗಟ್ಟಲೆ ಆಳದ ನೀರು ನಿಲ್ಲುವ ಕಡೆ, ನೀರಿನ ಜೊತೆಗೇ ಏರುವ ಭತ್ತವೇ ಉಳಿಯುತ್ತದೆ. ಅಲ್ಲಿ ಸುಮ್ಮನೆ ಕೂತರೆ ಸತ್ತಂತೆ. ಹಾಗಾಗಿ ಎಷ್ಟು ದಿನ ನೀರು ನಿಲ್ಲುತ್ತದೆ ಅನ್ನುವುದೇ ಇಲ್ಲಿ ಲೆಕ್ಕ. ಆ ಎರಡು ವಾರವೂ ಶಿಲಾಶಾಸನವೇನಲ್ಲ. ಕೆಂಪು ಕೆಸರು ನೀರಾದರೆ ಬೆಳಕು ಇಳಿಯದೆ ಗಿಡ ಬೇಗ ಸೋಲುತ್ತದೆ.

ಈ ಗುಣವನ್ನು ಸ್ವರ್ಣ ತಳಿಗೆ ತಳಿಸಂಕರದಿಂದಲೇ ಸೇರಿಸಿದ್ದಾರೆ, ಕುಲಾಂತರಿ ಅಲ್ಲ. ಸ್ವರ್ಣ-ಸಬ್1 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಅಂದರೆ ನಮ್ಮ ಗದ್ದೆ ಕೊಳೆಯುವ ಹತ್ತು ವರ್ಷ ಮೊದಲೇ. ಇದು ನನಗೆ ಇನ್ನೂ ಚುಚ್ಚುತ್ತದೆ. ಆದರೆ ಸ್ವರ್ಣ ದೀರ್ಘಾವಧಿ ತಳಿ, ನಿಮ್ಮ ಜಮೀನಿಗೆ ಹೊಂದುತ್ತದಾ ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ತನ್ನಿ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಒಂಬತ್ತೇ ದಿನ ಅಲ್ವಾ ನಮ್ದು" ಅಂದರು. ಆಮೇಲೆ, "ನಿಮ್ಮಜ್ಜ ಹೊಳೆಸಾಲಿನ ಗದ್ದೆಗೆ ನೆರೆಗುಳಿ ಅಂತ ಬೇರೆ ಬೀಜಾನೇ ಹಾಕ್ತಿದ್ರು. ಇಳುವರಿ ಇಲ್ಲ ಅಂತ ನಾನೇ ಬಿಟ್ಟೆ."

ಹೊಳೆಯಾಚೆ ಒಬ್ಬರ ಮನೆಯಲ್ಲಿ ಅದು ಇನ್ನೂ ಎರಡು ಸೇರು ಇದೆಯಂತೆ. ಭಾನುವಾರ ಅಪ್ಪ ಹೋಗಿ ಕೇಳುತ್ತಾರೆ.