ಹೆಜ್ಜೆಯ ಲೆಕ್ಕ

ಈ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆಯಬೇಕೆಂದು ಹಳೆಯ ವಿದ್ಯಾರ್ಥಿನಿಯರು ಕೇಳಿದಾಗ, ನಾವೇ ಮಾಡಿದ ಒಂದು ತಪ್ಪು ನಮ್ಮ ನೆನಪಿಗೆ ಬಂದಿತು. ಅದನ್ನು ಮರೆಮಾಜದೆ ಹೇಳುವುದೇ ಲೇಸು.

ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಹಾಸ್ಟೆಲಿನ ಅಡಿಗೆಮನೆಯ ಗ್ಯಾಸ್ ಲೈಟರನ್ನು ಹಿಡಿದುಕೊಂಡು ನಮ್ಮ ಕೋಣೆಗೆ ಬಂದು, "ಟೀಚರಮ್ಮನವರೇ, ಇದರಲ್ಲಿ ಸೆಲ್ಲೇ ಇಲ್ಲ, ಕಿಡಿ ಎಲ್ಲಿಂದ ಬರುತ್ತದೆ?" ಎಂದು ಕೇಳಿದಳು. ಒಳಗಿನ ಸಣ್ಣ ಸುತ್ತಿಗೆಯು ವಿಶೇಷವಾದ ಒಂದು ತುಂಡನ್ನು ಬಡಿಯುವುದೆಂದೂ, ಆ ಪೆಟ್ಟೇ ವಿದ್ಯುತ್ತಾಗಿ ಮಾರ್ಪಡುವುದೆಂದೂ ತಿಳಿಸಿದೆವು. ಕೆಲವು ಸ್ಫಟಿಕಗಳಲ್ಲಿರುವ ಈ ಗುಣವನ್ನು ಜಾಕ್ ಮತ್ತು ಪಿಯೇರ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಇದಕ್ಕೆ ಪೀಜೋವಿದ್ಯುತ್ತೆಂದು ಹೆಸರು; ಗ್ರೀಕ್ ಭಾಷೆಯ ಮೂಲಪದಕ್ಕೆ ಒತ್ತುವುದೆಂದೇ ಅರ್ಥ. ಆ ಸಹೋದರರು ರಚಿಸಿದ ಸ್ಫಟಿಕದ ಉಪಕರಣದ ನೆರವಿನಿಂದಲೇ ಮೇರಿ ಕ್ಯೂರಿಯವರು ಅತ್ಯಲ್ಪ ವಿದ್ಯುತ್ಪ್ರವಾಹಗಳನ್ನು ಅಳೆದರು. ಆ ಅಳತೆಗಳು 1898ರಲ್ಲಿ ರೇಡಿಯಮ್ಮಿನ ಶೋಧಕ್ಕೆ ದಾರಿಯಾದವು.

ಬಾಲಿಕೆಯು ಹಿಗ್ಗಿ, "ಹಾಗಾದರೆ ನಾವು ಐನೂರು ಮಂದಿ ಜಗಲಿಯಲ್ಲಿ ನಡೆದರೆ ಸಭಾಂಗಣದ ದೀಪಗಳು ಉರಿಯಲಾರವೇ?" ಎಂದಳು. ನಾವು ಯೋಚಿಸದೆ, "ಉರಿಯದೆ ಏನು!" ಎಂದುಬಿಟ್ಟೆವು. ಅವಳು ಅದನ್ನು ಗೆಳತಿಯರಿಗೆಲ್ಲ ಸಾರಿ, ವಾರ್ಷಿಕ ಪ್ರದರ್ಶನಕ್ಕೆ ಆ ವಿಷಯವನ್ನೇ ಆರಿಸಿಕೊಂಡಳು.

ಆ ರಾತ್ರಿ ಲೆಕ್ಕಕ್ಕೆ ಕುಳಿತೆವು. 40 ಕಿಲೋಗ್ರಾಂ ತೂಕದ ಹುಡುಗಿಯ ಹೆಜ್ಜೆಗೆ ನೆಲವು 5 ಮಿಲಿಮೀಟರು ತಗ್ಗಿದರೆ ದೊರೆಯುವ ಶಕ್ತಿ ಸುಮಾರು 2 ಜೂಲ್. ಅದೆಲ್ಲವೂ ವಿದ್ಯುತ್ತಾದರೂ 10 ವಾಟಿನ ಒಂದೇ ದೀಪವು ಸೆಕೆಂಡಿನ ಐದರಲ್ಲೊಂದು ಪಾಲು ಉರಿದೀತು. ನಿಜದಲ್ಲಿ ಕೈಗೆ ಬರುವುದು ಅದರ ಅಲ್ಪಾಂಶವೇ. ಮರುದಿನ ತರಗತಿಯ ಮುಂದೆ, ನಮ್ಮ ಮಾತು ತಪ್ಪೆಂದು ಒಪ್ಪಿಕೊಂಡೆವು. ಹುಡುಗಿಯ ಮುಖ ಬಾಡಿತು. "ಹಾಗಾದರೆ ಇಷ್ಟು ಸಣ್ಣ ಬಲ ಯಾತಕ್ಕೆ?" ಎಂದಳು.

ಈ ಬಾರಿ ಓದಿಕೊಂಡು ಉತ್ತರ ಕೊಟ್ಟೆವು. ಅಮೇರಿಕದ ಎಂ.ಐ.ಟಿ. ಸಂಸ್ಥೆಯವರು 1998ರಲ್ಲಿ ಪಾದರಕ್ಷೆಯೊಳಗೆ ಇಂಥ ಪಟ್ಟಿಗಳನ್ನಿಟ್ಟರು. ಅವು ಕೊಟ್ಟ ಬಲ ಕೆಲವೇ ಮಿಲಿವಾಟು. ಆದರೂ ನಡೆಯುವಾತನ ಗುರುತಿನ ಸಂಜ್ಞೆಯನ್ನು ಆ ಪಾದರಕ್ಷೆಯೇ ನಿಸ್ತಂತುವಾಗಿ ಕಳುಹಿಸಿತು. ಸೆನ್ಸರುಗಳೆಂಬ ಕಿರುಯಂತ್ರಗಳ ಪರಿಯೂ ಇದೇ. ಸೇತುವೆಯ ಕೆಳಗೋ ಯಂತ್ರದ ಒಡಲಲ್ಲೋ ಇರುವ ಸೆನ್ಸರಿಗೆ ಪದೇ ಪದೇ ಸೆಲ್ಲು ಬದಲಾಯಿಸುವುದು ಕಷ್ಟ. ಅಲ್ಲಿಯ ಅದುರಾಟವೇ ಪಟ್ಟಿಯನ್ನು ಬಾಗಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಕೆಪಾಸಿಟರು ಅದನ್ನು ಹನಿಹನಿಯಾಗಿ ಕೂಡಿಸುತ್ತದೆ. ಸೆನ್ಸರು ಬಹುಕಾಲ ನಿದ್ರಿಸಿ, ಸಾಕಷ್ಟು ಕೂಡಿದಾಗ ಎಚ್ಚತ್ತು, ಬಿಸಿಯೆಷ್ಟು, ಅದುರೆಷ್ಟು ಎಂದು ಒಂದು ಮಾತು ಹೇಳಿ ಮತ್ತೆ ಮಲಗುತ್ತದೆ. ಅಂಥ ಒಂದು ಮಾತಿಗೆ ಜೂಲಿನ ಸಾವಿರದಲ್ಲೊಂದು ಪಾಲೂ ಸಾಕಾಗಬಲ್ಲುದು. ಆದರೆ ಪಟ್ಟಿಯ ಸಹಜ ಕಂಪನವು ಯಂತ್ರದ ಅದುರಾಟಕ್ಕೆ ಹೊಂದಿಕೊಳ್ಳದಿದ್ದರೆ ಫಲವು ತೀರ ಅಲ್ಪ.

ಪ್ರದರ್ಶನದ ದಿನ ಸಭಾಂಗಣದ ದೀಪಗಳು ಎಂದಿನ ತಂತಿಯಿಂದಲೇ ಉರಿದವು. ಬಾಗಿಲಲ್ಲಿ ಒಂದು ಹಲಗೆ; ಅದರಡಿಯಲ್ಲಿ ಪೀಜೋ ಬಿಲ್ಲೆಗಳು, ನಾಲ್ಕು ಡಯೋಡುಗಳು, ಒಂದು ಕೆಪಾಸಿಟರು. ಪಕ್ಕದಲ್ಲಿ ಅವಳ ಕೈಬರಹ: "ಹದಿನೆಂಟು ಹೆಜ್ಜೆಗೆ ಒಂದು ಮಿನುಗು. ಲೆಕ್ಕ ಮಾಡಿ ನೋಡಿದ್ದೇನೆ." ತಂದೆತಾಯಿಗಳು ಸಾಲಾಗಿ ನಿಂತು, ಹೆಜ್ಜೆ ಎಣಿಸುತ್ತ ತುಳಿದರು.

ಮಕ್ಕಳನ್ನು ಹುರಿದುಂಬಿಸುವ ಆತುರದಲ್ಲಿ ಹಿರಿಯರಾದ ನಾವು ಅನೇಕ ಸಲ ಲೆಕ್ಕವಿಲ್ಲದೆ ಹೌದೆನ್ನುತ್ತೇವೆ. ಆ ಕೈಬರಹದ ಚೀಟಿಯನ್ನು ನಾವು ನಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇವೆ.